‘ತಾಳಿ ಬೈಬಲ್‌ನಲ್ಲಿ ಇಲ್ಲ’ ಅಂತ ನನ್ನ ತಮ್ಮ ಮದುವೆಗೆ ಬರಲ್ಲ ಅಂತಿದ್ದಾನೆ. ಏನು ಹೇಳಲಿ?

ಬೆಟಗೇರಿ ಅಕ್ಕ

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ಬೆಟಗೇರಿ. ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಮಿಷನರಿ ಸಂಸ್ಥೆ) ಕಾಲದಿಂದ ಕ್ರೈಸ್ತರು, ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ಬರುವ ಮೇ ತಿಂಗಳಲ್ಲಿ ಮಗಳ ಮದುವೆ. ನಮ್ಮ ಮನೆತನದಲ್ಲಿ ಶಿಲುಬೆ ಇರುವ ತಾಳಿ ಕಟ್ಟುವುದು ರೂಢಿ. ಅವ್ವನದೂ ಹಾಗೇ, ನನ್ನದೂ ಹಾಗೇ.

ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. ನಾಲ್ಕು ವರ್ಷದಿಂದ ಒಂದು ಸ್ವತಂತ್ರ ಸಭೆಗೆ ಹೋಗುತ್ತಾನೆ. ಅಲ್ಲಿ ಹೋದ ಮೇಲೆ ಕುಡಿತ ಬಿಟ್ಟ, ಮನೆ ಕಡೆ ಗಮನ ಕೊಟ್ಟ. ಅದನ್ನು ನಾನು ಮರೆಯುವುದಿಲ್ಲ. ಆದರೆ ಈಗ ಯಾವುದಕ್ಕೂ ಒಂದೇ ಪ್ರಶ್ನೆ: ‘ಅಕ್ಕಾ, ಇದು ಬೈಬಲ್‌ನಲ್ಲಿ ಎಲ್ಲಿದೆ?’ ಕ್ರಿಸ್ಮಸ್‌ಗೆ ನಕ್ಷತ್ರ ಕಟ್ಟಿದರೆ ಎಲ್ಲಿದೆ. ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ದಿನಗಳಲ್ಲಿ ಮಾಂಸ ಬಿಟ್ಟರೆ ಎಲ್ಲಿದೆ. ದೊಡ್ಡ ಮಗಳ ಕೂಸಿಗೆ ದೀಕ್ಷಾಸ್ನಾನ ಮಾಡಿಸಿದಾಗ ಫೋನೇ ಎತ್ತಲಿಲ್ಲ. ಈಗ ತಾಳಿ. ‘ಸೋದರಮಾವ ಅಂತ ಬಂದು ಅದರ ಮುಂದೆ ನಿಲ್ಲೋಕೆ ನನ್ನ ಮನಸ್ಸಾಕ್ಷಿ ಒಪ್ಪಲ್ಲ’ ಅಂದುಬಿಟ್ಟ.

ನನ್ನ ತೊಂದರೆ ಏನು ಅಂದರೆ, ನಮ್ಮ ಸಭೆಯಲ್ಲೂ ‘ನಂಬಿಕೆಗೂ ನಡತೆಗೂ ಸತ್ಯವೇದ ಒಂದೇ ಆಧಾರ’ ಅಂತಲೇ ಕಲಿಸಿದ್ದಾರೆ. ಹಾಗಾದರೆ ಅವನು ಹೇಳುವುದೇ ಸರಿ ಅಲ್ವಾ? ತಾಳಿ ಬೈಬಲ್‌ನಲ್ಲಿ ಇಲ್ಲ ಅನ್ನುವುದು ನಿಜ ತಾನೆ. ಆದರೂ ನಾನು ತಪ್ಪು ಮಾಡುತ್ತಿದ್ದೇನೆ ಅಂತ ನನಗೆ ಅನ್ನಿಸುತ್ತಿಲ್ಲ.

ಬೆರೋಯದವನು

ಅಕ್ಕಾ, ಪ್ರೈಸ್ ದ ಲಾರ್ಡ್. ನಾನೂ ನಿಮ್ಮ ತಮ್ಮನಂಥವನೇ. ದಯವಿಟ್ಟು ಅವರನ್ನು ಹಟಮಾರಿ ಅಂದುಕೊಳ್ಳಬೇಡಿ.

ಮಾರ್ಕ 7 ಓದಿ. ಅಪ್ಪ ಅಮ್ಮನಿಗೆ ಕೊಡಬೇಕಾದದ್ದನ್ನು ‘ಕೊರ್ಬಾನ್, ದೇವರಿಗೆ ಮೀಸಲು’ ಅಂತ ಹೇಳಿ ಜಾರಿಕೊಳ್ಳುತ್ತಿದ್ದರು. ಅದಕ್ಕೆ ಹಿರಿಯರ ಸಂಪ್ರದಾಯದ ಮುದ್ರೆ ಬೇರೆ. ಯೇಸು ಸ್ವಾಮಿ ಸಿಟ್ಟಾದದ್ದು ಅಲ್ಲಿ. ದೇವರ ಮಾತಿಗಿಂತ ರೂಢಿ ದೊಡ್ಡದಾದರೆ ಏನಾಗುತ್ತೆ ಅಂತ ತೋರಿಸಿಕೊಟ್ಟರು.

ಇನ್ನೊಂದು ಮಾತು. ಬರೆದದ್ದು ಒಂದು ಇಲ್ಲದಿದ್ದರೆ, ಮೈಕ್ ಯಾರ ಕೈಯಲ್ಲಿದೆಯೋ ಅವರೇ ದೇವರು ಆಗಿಬಿಡುತ್ತಾರೆ. ನಾನು ಬಿಟ್ಟುಬಂದ ಸಭೆಯಲ್ಲಿ ಹಿರಿಯರು ಹೇಳಿದ್ದೇ ಕೊನೆ, ಕೇಳುವ ಹಾಗೇ ಇರಲಿಲ್ಲ. ಈಗ ನನ್ನಂಥ ಹತ್ತನೇ ಕ್ಲಾಸ್ ಓದಿದವನೂ ಪುಸ್ತಕ ತೆರೆದು ‘ಬ್ರದರ್, ಇಲ್ಲಿ ಹೀಗಿದೆಯಲ್ಲ’ ಅಂತ ಕೇಳಬಹುದು. ಬೆರೋಯದ ಜನ ಪೌಲನ ಮಾತನ್ನೇ ಶಾಸ್ತ್ರದ ಜೊತೆ ಹೋಲಿಸಿ ನೋಡಿದರು, ಅವರನ್ನು ಒಳ್ಳೆಯವರು ಅಂತಲೇ ಬರೆದಿದೆ (ಅಪೊಸ್ತಲರ ಕೃತ್ಯಗಳು 17:11). ನನ್ನ ಹೆಸರೂ ಅಲ್ಲಿಂದಲೇ.

ಅಯ್ಯನವರ ಮಗ

ಅಕ್ಕಾ, ನಮ್ಮಪ್ಪ ಸಭಾಪಾಲಕರಾಗಿದ್ದವರು. ನಾನು ಥಿಯಾಲಜಿ ಓದಿ ಆಮೇಲೆ ಬೇರೆ ಕೆಲಸ ಹಿಡಿದವನು. ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ.

‘ಬೈಬಲ್ ಒಂದೇ’ ಅನ್ನುವ ಮಾತಿಗೆ ಕಾವು ಬಂದದ್ದು ಜರ್ಮನಿಯಲ್ಲಿ ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರ್ ಅವರಿಂದ. 1519ರಲ್ಲಿ ಲೈಪ್‌ಜಿಗ್‌ನಲ್ಲಿ ಯೋಹಾನ್ ಎಕ್ ಅನ್ನುವ ಪಂಡಿತರ ಜೊತೆ ವಾದ ನಡೆಯಿತು. ಎಕ್ ತುಂಬ ಚುರುಕು. ಲೂಥರ್ ಬಾಯಿಂದಲೇ ‘ಪೋಪರೂ ತಪ್ಪಬಹುದು, ಬಿಷಪ್‌ಗಳ ಮಹಾಸಭೆಯೂ ತಪ್ಪಬಹುದು’ ಅಂತ ಹೇಳಿಸಿಬಿಟ್ಟರು. ಅಲ್ಲಿಂದ ಲೂಥರ್ ಅವರಿಗೆ ಹಿಂದಕ್ಕೆ ಹೋಗುವ ದಾರಿ ಉಳಿಯಲಿಲ್ಲ. 1521ರಲ್ಲಿ ವೋರ್ಮ್ಸ್ ಊರಿನಲ್ಲಿ ಚಕ್ರವರ್ತಿಯ ಮುಂದೆ ನಿಂತಾಗ ಅವರು ಹೇಳಿದ್ದರ ಸಾರ: ಶಾಸ್ತ್ರದಿಂದಲೋ ಸ್ಪಷ್ಟವಾದ ತರ್ಕದಿಂದಲೋ ತೋರಿಸಿಕೊಡಿ, ಇಲ್ಲದಿದ್ದರೆ ಮಾತು ಹಿಂದೆ ತಗೊಳ್ಳಲ್ಲ. ತರ್ಕ ಅನ್ನುವುದನ್ನೂ ಸೇರಿಸಿದ್ದರು, ಗಮನಿಸಿ.

ಅವರ ಅರ್ಥ ಏನು? ತಾಲ್ಲೂಕು ಕೋರ್ಟು ಇರಲಿ, ಧಾರವಾಡದ ಹೈಕೋರ್ಟು ಪೀಠ ಇರಲಿ, ಎಲ್ಲ ಇರಲಿ. ಆದರೆ ಕೊನೆಯ ತೀರ್ಪು ದೆಹಲಿಯದ್ದು. ಹಳೆಯ ಗುರುಗಳು, ವಿಶ್ವಾಸಪ್ರಮಾಣ (ನಂಬಿಕೆಯ ಸಾರ ಹೇಳುವ ಹಳೆಯ ಹೇಳಿಕೆ), ಸಭೆಯ ರೂಢಿ ಎಲ್ಲಕ್ಕೂ ಬೆಲೆ ಇದೆ, ಶಾಸ್ತ್ರದ ಕೆಳಗೆ. ಬೇರೆ ಕೋರ್ಟುಗಳನ್ನೆಲ್ಲ ಮುಚ್ಚಿ ಅಂತ ಅವರು ಹೇಳಲಿಲ್ಲ. ಸಿ.ಎಸ್.ಐ. 1947ರಲ್ಲಿ ಹುಟ್ಟಿದಾಗ ಒಪ್ಪಿಕೊಂಡದ್ದೂ ಇದನ್ನೇ: ರಕ್ಷಣೆಗೆ ಬೇಕಾದದ್ದೆಲ್ಲ ಶಾಸ್ತ್ರದಲ್ಲಿದೆ, ನಂಬಿಕೆಗೆ ಮೇಲಿನ ಅಳತೆಗೋಲು ಅದೇ. ಜೊತೆಗೆ ಅಪೊಸ್ತಲರ ಮತ್ತು ನೈಸಿಯದ ವಿಶ್ವಾಸಪ್ರಮಾಣಗಳನ್ನೂ ಇಟ್ಟುಕೊಂಡರು.

ಇನ್ನು ಎರಡನೇ ಪ್ರಶ್ನೆ. ಬೈಬಲ್‌ನಲ್ಲಿ ಇಲ್ಲದ್ದನ್ನು ಮಾಡಬಹುದಾ? ಇದರಲ್ಲಿ ಸುಧಾರಕರೇ ಒಡೆದುಹೋದರು. ಲೂಥರ್ ಕಡೆಯವರು: ಬೈಬಲ್ ಬೇಡ ಅನ್ನದಿದ್ದರೆ ಮಾಡಬಹುದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸುಧಾರಕ ತ್ಸ್ವಿಂಗ್ಲಿ ಕಡೆಯವರು: ಆರಾಧನೆಯಲ್ಲಿ ಬೈಬಲ್ ಮಾಡು ಅಂದದ್ದನ್ನಷ್ಟೇ ಮಾಡಬೇಕು. ತ್ಸ್ವಿಂಗ್ಲಿ ಸ್ವತಃ ಹಲವು ವಾದ್ಯ ನುಡಿಸುತ್ತಿದ್ದರು. ಆದರೂ ಅವರ ದೊಡ್ಡ ದೇವಾಲಯದ ಆರ್ಗನ್ ಅನ್ನು 1527ರಲ್ಲಿ ಒಡೆದು ತೆಗೆದರು. ಆ ಊರಿನ ಆರಾಧನೆಗೆ ಹಾಡು ವಾಪಸ್ ಬಂದದ್ದು 1598ರಲ್ಲಿ. ನಿಮ್ಮ ತಮ್ಮನ ಸಭೆಯಲ್ಲಿ ಕೀಬೋರ್ಡ್, ಡ್ರಮ್ಸ್ ಇದ್ದೇ ಇರುತ್ತೆ. ಒಮ್ಮೆ ಕೇಳಿ ನೋಡಿ, ತಮಾಷೆಗೆ.

ಈಗ ಮದುವೆಗೆ ಬರೋಣ. 1529ರಲ್ಲಿ ಲೂಥರ್ ಮದುವೆಯ ಕ್ರಮದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಶುರುವಾಗುವುದೇ ನಾಡಿಗೊಂದು ನಡೆ ಅನ್ನುವ ಅರ್ಥದ ಗಾದೆಯಿಂದ. ಮದುವೆಯ ರೀತಿ ರಿವಾಜು ಆಯಾ ಊರಿನದ್ದು, ನಾವು ಪಾದ್ರಿಗಳು ಅದರಲ್ಲಿ ಕೈಹಾಕುವುದು ಬೇಡ ಅನ್ನುವ ಧಾಟಿ.

ಇನ್ನೊಂದು ಕಡೆ ಇಂಗ್ಲೆಂಡ್. 1603ರಲ್ಲಿ ಪ್ಯೂರಿಟನ್ ಪಾದ್ರಿಗಳು (ಚರ್ಚನ್ನು ಹಳೆಯ ರೂಢಿಗಳಿಂದ ಶುದ್ಧ ಮಾಡಬೇಕು ಅನ್ನುವವರು) ಹೊಸ ರಾಜ ಜೇಮ್ಸ್‌ಗೆ ಮನವಿ ಕೊಟ್ಟರು. ಅದರಲ್ಲಿ ಬೇಡ ಅಂದ ಸಂಗತಿಗಳಲ್ಲಿ ಒಂದು ಯಾವುದು ಗೊತ್ತಾ? ಮದುವೆಯ ಉಂಗುರ! ಬೈಬಲ್‌ನಲ್ಲಿ ಎಲ್ಲಿದೆ ಅನ್ನುವ ಅದೇ ಪ್ರಶ್ನೆ. ಮುಂದಿನ ವರ್ಷ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಸಭೆ ಸೇರಿತು. ಉಂಗುರ ಉಳಿಯಿತು. ಅದೇ ಸಭೆಯಲ್ಲಿ ಹೊಸ ತರ್ಜುಮೆ ಬೇಕು ಅಂತ ತೀರ್ಮಾನ ಆಗಿ 1611ರ ಇಂಗ್ಲಿಷ್ ಬೈಬಲ್ ಬಂತು. ನಿಮ್ಮ ತಮ್ಮ ಮದುವೆಯಲ್ಲಿ ಉಂಗುರ ಹಾಕಿಸಿಕೊಂಡಿದ್ದರೆ, ಆ ಜಗಳದಲ್ಲಿ ಅವರು ಪ್ಯೂರಿಟನ್ನರ ಎದುರು ಪಾಳಯದಲ್ಲಿದ್ದಾರೆ ಅಂತ ಲೆಕ್ಕ.

ಬೆರೋಯದವನು

ಉಂಗುರದ ಕಥೆ ಗೊತ್ತಿರಲಿಲ್ಲ. ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಉಂಗುರಕ್ಕೂ ತಾಳಿಗೂ ವ್ಯತ್ಯಾಸ ಇಲ್ಲವಾ ಬ್ರದರ್? ತಾಳಿ ಸುತ್ತ ಬೇರೆ ನಂಬಿಕೆಗಳಿವೆ. ಬಿಚ್ಚಿದರೆ ಗಂಡನಿಗೆ ಕೇಡು ಅಂತ ಹೆದರುವವರನ್ನು ನಮ್ಮ ಸಭೆಗಳಲ್ಲೇ ನೋಡಿದ್ದೇನೆ. ಆ ಹೆದರಿಕೆ ಸುವಾರ್ತೆಗೆ ವಿರುದ್ಧ ತಾನೆ?

ಅಯ್ಯನವರ ಮಗ

ಖಂಡಿತ ವಿರುದ್ಧ. ಹಾಗಾದರೆ ಹೆದರಿಕೆಯನ್ನು ಬಿಡಿಸಿ, ತಾಳಿಯನ್ನಲ್ಲ. ಹದಿನಾರನೇ ಶತಮಾನದ ಯೂರೋಪಿನಲ್ಲೂ ಉಂಗುರದ ಸುತ್ತ ಮೂಢನಂಬಿಕೆ ಕಡಿಮೆ ಏನಿರಲಿಲ್ಲ.

ಗದಗಿನ ಬಸ್ ಸ್ಟ್ಯಾಂಡ್

ನಾನು ಕ್ರೈಸ್ತ ಅಲ್ಲ, ಲಿಂಗಾಯತ. ಸುಮ್ನೆ ಓದುತ್ತಿದ್ದೆ. ನಮ್ಮಲ್ಲೂ ವಚನ ಮುಖ್ಯವೋ ಆಗಮ ಮುಖ್ಯವೋ ಅಂತ ಮಾತು ಶುರುವಾದರೆ ಚಹಾ ಆರಿಹೋಗುತ್ತೆ. ನಿಮ್ಮಲ್ಲೂ ಹೀಗೇ ಅಂತ ತಿಳಿದು ಸ್ವಲ್ಪ ಸಮಾಧಾನ ಆಯಿತು. ಅಕ್ಕಾರೆ, ಮದುವೆ ಊಟಕ್ಕೆ ನಾವು ಬರ್ತೀವಿ, ಎಲ್ಲಿದೆ ಅಂತ ಕೇಳಲ್ಲ.

ಮೈಸೂರು ಜಪಸರ

ಕಥೋಲಿಕಳಾಗಿ ನಾನೂ ಒಂದು ಮಾತು ಹೇಳಬಹುದಾ?

‘ಬೈಬಲ್ ಒಂದೇ’ ಅನ್ನುವವರಿಗೆ ನನ್ನ ಹಳೆಯ ಪ್ರಶ್ನೆ: ಯಾವ ಬೈಬಲ್? ನಿಮ್ಮದರಲ್ಲಿ 66 ಪುಸ್ತಕ. ನಮ್ಮದರಲ್ಲಿ 73. ತೋಬಿತ, ಯೂದಿತ, ಮಕ್ಕಬಿಯರು ಎಲ್ಲ ನಿಮ್ಮಲ್ಲಿ ಇಲ್ಲ. ಯಾವ ಪುಸ್ತಕ ಸೇರಬೇಕು ಅನ್ನುವ ಪಟ್ಟಿ ಬೈಬಲ್ ಒಳಗೆ ಎಲ್ಲೂ ಇಲ್ಲ. ಈಗಿರುವ ಹೊಸ ಒಡಂಬಡಿಕೆಯ 27 ಪುಸ್ತಕಗಳು ಒಂದು ಪಟ್ಟಿಯಲ್ಲಿ ಸರಿಯಾಗಿ ಸಿಗುವುದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ಅವರು 367ರಲ್ಲಿ ಬರೆದ ಪತ್ರದಲ್ಲಿ. ಅಂದರೆ ಅದಕ್ಕೆ ಮೊದಲು ಮುನ್ನೂರು ವರ್ಷಕ್ಕೂ ಜಾಸ್ತಿ ಜನ ನಂಬಿದರು, ಬಲಿಪೂಜೆ ಮಾಡಿದರು, ನಂಬಿಕೆಗಾಗಿ ಸತ್ತರು. ಕೈಯಲ್ಲಿ ಕಟ್ಟು ಹಾಕಿದ ಬೈಬಲ್ ಇರಲಿಲ್ಲ. ಧರ್ಮಸಭೆ ಇತ್ತು.

ಲೂಥರ್ ಅವರಿಗೇ ಯಾಕೋಬನ ಪತ್ರ ಹಿಡಿಸಲಿಲ್ಲ. 1522ರ ಮುನ್ನುಡಿಯಲ್ಲಿ ಅದನ್ನು ಹುಲ್ಲಿನ ಪತ್ರ ಅಂತ ಬರೆದರು. ಶಾಸ್ತ್ರವೇ ಎಲ್ಲರ ಮೇಲೆ ಅಂದವರು ಶಾಸ್ತ್ರದ ಒಂದು ಪುಸ್ತಕವನ್ನೇ ತೂಗಿ ನೋಡಿದರು. ಆ ತಕ್ಕಡಿ ಎಲ್ಲಿಂದ ಬಂತು?

ಪೌಲ ಕೂಡ ಥೆಸಲೊನೀಕದವರಿಗೆ ಬಾಯಿಮಾತಲ್ಲಿ ಕಲಿಸಿದ್ದನ್ನೂ ಪತ್ರದಲ್ಲಿ ಕಲಿಸಿದ್ದನ್ನೂ ಹಿಡಿದುಕೊಳ್ಳಿ ಅಂತಾನೆ (2 ಥೆಸಲೊನೀಕ 2:15). ಹಾಗಂತ ನಾವು ಬೈಬಲ್‌ಗಿಂತ ದೊಡ್ಡವರು ಅಂತ ಅಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಹೇಳಿದೆ: ಧರ್ಮಸಭೆಯ ಬೋಧಕಾಧಿಕಾರ ದೇವರ ವಾಕ್ಯದ ಮೇಲೆ ಕೂತಿಲ್ಲ, ಅದರ ಸೇವೆ ಮಾಡುತ್ತೆ.

ನಮ್ಮಜ್ಜಿಗೆ ಓದೋಕೆ ಬರ್ತಿರಲಿಲ್ಲ. ಶಿಲುಬೆ ಹಾದಿಯ ಹದಿನಾಲ್ಕು ಚಿತ್ರ ನೋಡಿ ನೋಡಿ ಯೇಸುಸ್ವಾಮಿಯ ಪಾಡು ಬಾಯಿಪಾಠ ಆಗಿತ್ತು. ಅವಳ ನಂಬಿಕೆಗೆ ಆಧಾರ ಪುಸ್ತಕ ಅಂತ ನಾನು ಹೇಗೆ ಹೇಳಲಿ?

ಬೆರೋಯದವನು

ಸಿಸ್ಟರ್, ಅಕ್ಕಸಾಲಿಗ ಒರೆಗಲ್ಲಿಗೆ ಉಜ್ಜಿ ‘ಇದು ಚಿನ್ನ’ ಅಂತಾನೆ. ಹಾಗಂತ ಚಿನ್ನ ಮಾಡಿದ್ದು ಅವನಾ? ಸಭೆ ಆ 27 ಪುಸ್ತಕಗಳನ್ನು ಗುರುತಿಸಿತು, ಹುಟ್ಟಿಸಲಿಲ್ಲ. ನಿಮ್ಮಜ್ಜಿ ನೋಡಿದ ಚಿತ್ರಗಳ ಕಥೆಯೂ ಬಹುಪಾಲು ಸುವಾರ್ತೆಯಿಂದಲೇ ಬಂದದ್ದಲ್ಲವಾ?

ಮೈಸೂರು ಜಪಸರ

ಬಹುಪಾಲು ಅಂದಿರಲ್ಲ, ಜಾಣರು. ವೆರೋನಿಕ ಯೇಸುವಿನ ಮುಖ ಒರೆಸಿದ್ದು ಸುವಾರ್ತೆಯಲ್ಲಿ ಇಲ್ಲ ಅಂತ ನನಗೂ ಗೊತ್ತು. 🙂

ಚಿನ್ನದ ಮಾತು ಸರಿ. ಆದರೆ ನಮಗೆ ಒರೆಗಲ್ಲು ಓದೋಕೆ ಬರಲ್ಲ, ಅಕ್ಕಸಾಲಿಗನನ್ನು ನಂಬಿಯೇ ತಗೊಳ್ಳೋದು. 27ರ ವಿಷಯದಲ್ಲಿ ಅವನನ್ನು ನಂಬಿದಿರಿ, ಮಿಕ್ಕಿದ್ದರಲ್ಲಿ ಕಳ್ಳ ಅಂತೀರಿ.

ಬ್ರಹ್ಮಾವರ

ಅಥನೇಸಿಯಸ್ ಹೆಸರು ಬಂತು ಅಂತ ಬಂದೆ. ಈ ಚರ್ಚೆಯಲ್ಲಿ ಯಾವಾಗಲೂ ರೋಮ್ ಒಂದು ಕಡೆ, ಲೂಥರ್ ಒಂದು ಕಡೆ. ನಾವು ಆರ್ಥಡಾಕ್ಸ್‌ನವರೂ ಇದ್ದೇವೆ ಮಾರಾಯ್ರೆ, ಉಡುಪಿ ಪಕ್ಕದಲ್ಲೇ! ನಮ್ಮಲ್ಲಿ ಶಾಸ್ತ್ರ ಒಂದು ಕಡೆ, ಪರಂಪರೆ ಇನ್ನೊಂದು ಕಡೆ ಅಂತ ಎರಡು ಗುಡ್ಡೆ ಇಲ್ಲ. ಪರಂಪರೆ ಅನ್ನುವುದು ಮನೆ, ಶಾಸ್ತ್ರ ಆ ಮನೆಯ ದೀಪ. ದೀಪವನ್ನು ಬೀದಿಗೆ ತಂದು ಇಟ್ಟರೆ ಗಾಳಿಗೆ ಆಡುತ್ತೆ ಅನ್ನುವುದು ನಮ್ಮ ಹಿರಿಯರ ಅಭಿಪ್ರಾಯ. ಇಷ್ಟೇ.

ಬಳ್ಳಾರಿ ಬಿಸಿಲು

ಬೀದಿಗೆ ತಂದದ್ದರಿಂದಲೇ ನಮಗೆ ಕನ್ನಡದಲ್ಲಿ ಸಿಕ್ಕಿದ್ದು ಸ್ವಾಮಿ.

ನಮ್ಮ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಬಂದರು. ಕನ್ನಡ ಕಲಿತು ತರ್ಜುಮೆಗೆ ಕೂತರು. ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಗಿದ್ದು 1831ರಲ್ಲಿ. ಆಮೇಲೆ ಮಂಗಳೂರಿನ ಬಾಸೆಲ್ ಮಿಷನ್‌ನವರು, ವೈಗ್ಲೆ, ಮೋಗ್ಲಿಂಗ್ ಎಲ್ಲ ಸೇರಿ ಅದನ್ನು ತಿದ್ದುವ ಕೆಲಸ ಮಾಡಿದರು. ಅಷ್ಟು ವರ್ಷ ಬಿಸಿಲಲ್ಲಿ ಕೂತು ಯಾಕೆ ಮಾಡಿದರು? ಓದುವವನ ಕೈಗೇ ಪುಸ್ತಕ ಸಿಗಬೇಕು ಅನ್ನುವ ಹಟ. ಆ ಹಟಕ್ಕೆ ಬೇರು ‘ಬೈಬಲ್ ಒಂದೇ’ ಅನ್ನುವುದರಲ್ಲಿದೆ.

ಆದರೆ ಅಕ್ಕನ ತಮ್ಮನಿಗೂ ಒಂದು ಮಾತು. ನಿಮ್ಮ ಕೈಲಿರುವ ಪುಸ್ತಕದ ಮೇಲೆ ಏನು ಬರೆದಿದೆ? ‘ಸತ್ಯವೇದವು’. ವೇದ ಅನ್ನುವ ಶಬ್ದ ಎಲ್ಲಿಯದು? ಮೂಲದಲ್ಲಿ ಮುಳುಗಿಸು ಅನ್ನುವ ಅರ್ಥದ ಗ್ರೀಕ್ ಶಬ್ದ ಇರುವಲ್ಲಿ ‘ದೀಕ್ಷಾಸ್ನಾನ’ ಅಂತ ಹಾಕಿದರು. ದೀಕ್ಷೆ ಅನ್ನುವುದು ಮಠದ ಮಾತು. ಕೀರ್ತನೆ 23ರಲ್ಲಿ ಒಂದು ತರ್ಜುಮೆಯಲ್ಲಿ ‘ಯೆಹೋವ’, ಇನ್ನೊಂದರಲ್ಲಿ ‘ಸರ್ವೇಶ್ವರ’. ಕನ್ನಡದಲ್ಲಿ ಬೈಬಲ್ ತೆರೆದ ತಕ್ಷಣ ಕನ್ನಡದ ಸಂಪ್ರದಾಯವೂ ಜೊತೆಗೆ ಬರುತ್ತೆ. ಅದನ್ನು ತೊಳೆದು ತೆಗೆಯೋಕೆ ಆಗಲ್ಲ.

ಇನ್ನೊಂದು ಮಜಾ. ಯೋಹಾನ 3:16 ಅಂತೀವಲ್ಲ, ಆ 3ಕ್ಕೂ ಆಧಾರ ಬೈಬಲ್‌ನಲ್ಲಿ ಇಲ್ಲ, 16ಕ್ಕೂ ಇಲ್ಲ. ಅಧ್ಯಾಯ ಮಾಡಿದ್ದು ಹದಿಮೂರನೇ ಶತಮಾನದಲ್ಲಿ. ಹೊಸ ಒಡಂಬಡಿಕೆಗೆ ಈಗಿನ ವಚನಗಳ ನಂಬರ್ ಹಾಕಿದ್ದು ರಾಬರ್ಟ್ ಎಸ್ಟಿಯೆನ್ ಅನ್ನುವ ಮುದ್ರಕ, 1551ರಲ್ಲಿ.

ಬೆಟಗೇರಿ ಅಕ್ಕ

ಇಷ್ಟೆಲ್ಲ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಉಂಗುರದ ಕಥೆ ನಮ್ಮ ಯಜಮಾನರಿಗೆ ಓದಿ ಹೇಳಿದೆ, ಬಿದ್ದು ಬಿದ್ದು ನಕ್ಕರು. ಅಯ್ಯನವರ ಮಗ, ಒಂದು ಅನುಮಾನ. ಕೊನೆಯ ಕೋರ್ಟು ಬೈಬಲ್ ಅಂದಿರಿ. ಆದರೆ ಕೋರ್ಟಿನಲ್ಲಿ ಜಡ್ಜ್ ಇರುತ್ತಾರೆ, ಬಾಯಿ ಬಿಟ್ಟು ತೀರ್ಪು ಹೇಳುತ್ತಾರೆ. ಪುಸ್ತಕ ಬಾಯಿ ಬಿಡಲ್ಲವಲ್ಲ? ಇಬ್ಬರು ಎರಡು ಅರ್ಥ ಹೇಳಿದರೆ?

ಅಯ್ಯನವರ ಮಗ

ಅಕ್ಕಾ, ನೋವು ಇರುವ ಕಡೆಯೇ ಕೈ ಇಟ್ಟಿರಿ.

1529ರಲ್ಲಿ ಮಾರ್‌ಬುರ್ಗ್‌ನಲ್ಲಿ ಲೂಥರ್, ತ್ಸ್ವಿಂಗ್ಲಿ ಎದುರುಬದುರು ಕೂತರು. ಇಬ್ಬರೂ ‘ಶಾಸ್ತ್ರ ಒಂದೇ’ ಅನ್ನುವವರು. ಹದಿನೈದು ವಿಷಯದಲ್ಲಿ ಹದಿನಾಲ್ಕು ಒಪ್ಪಿದರು. ಉಳಿದದ್ದು ಕರ್ತನ ಭೋಜನ. ‘ಇದು ನನ್ನ ದೇಹ’ ಅನ್ನುವ ಮಾತನ್ನು ಲೂಥರ್ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದುಕೊಂಡು ಅಲ್ಲಾಡಲಿಲ್ಲ. ತ್ಸ್ವಿಂಗ್ಲಿ ಅದರ ಅರ್ಥ ‘ಇದು ನನ್ನ ದೇಹವನ್ನು ಸೂಚಿಸುತ್ತದೆ’ ಅಂದರು. ಒಂದೇ ಪುಸ್ತಕ, ಒಂದೇ ವಾಕ್ಯ. ಒಟ್ಟಿಗೆ ರೊಟ್ಟಿ ಮುರಿಯದೆ ಎದ್ದುಹೋದರು.

ಇದಕ್ಕಿಂತ ಕೆಟ್ಟದ್ದೂ ಇದೆ. ನಿಮ್ಮ ತಮ್ಮ ಕೂಸಿನ ದೀಕ್ಷಾಸ್ನಾನದ ಬಗ್ಗೆ ಕೇಳಿದ ಪ್ರಶ್ನೆಯನ್ನೇ ಜ್ಯೂರಿಕ್‌ನಲ್ಲಿ ತ್ಸ್ವಿಂಗ್ಲಿಯ ಜೊತೆಗಾರರೇ ಕೇಳಿದರು. 1525ರ ಜನವರಿಯಲ್ಲಿ, ಕೂಸಾಗಿದ್ದಾಗ ಆದದ್ದು ಸಲ್ಲದು ಅಂತ, ಒಬ್ಬರಿಗೊಬ್ಬರು ಮತ್ತೆ ದೀಕ್ಷಾಸ್ನಾನ ಮಾಡಿಸಿಕೊಂಡರು. ಅವರಲ್ಲಿ ಒಬ್ಬ ಫೆಲಿಕ್ಸ್ ಮಾಂಟ್ಸ್. 1527ರ ಜನವರಿಯಲ್ಲಿ ನಗರದ ಆಡಳಿತ ಅವನ ಕೈಕಾಲು ಕಟ್ಟಿ ಲಿಮಾಟ್ ನದಿಯಲ್ಲಿ ಮುಳುಗಿಸಿತು. ‘ಶಾಸ್ತ್ರ ಒಂದೇ’ ಅನ್ನುವ ಊರು, ‘ಶಾಸ್ತ್ರದಲ್ಲಿ ಎಲ್ಲಿದೆ’ ಅಂತ ಕೇಳಿದವನನ್ನು ಕೊಂದಿತು. ನನ್ನ ಪರಂಪರೆಯ ಬಗ್ಗೆ ನನಗೆ ನಾಚಿಕೆಯಾಗುವ ಜಾಗ ಇದು.

ಹಾಗಾಗಿ ಉತ್ತರ: ಪುಸ್ತಕ ತಾನಾಗಿ ಬಾಯಿ ಬಿಡಲ್ಲ. ಯಾರೋ ಓದುತ್ತಾರೆ. ಫಿಲಿಪ್ಪ ರಥದ ಹತ್ತಿರ ಓಡಿಹೋಗಿ ‘ಓದೋದು ಅರ್ಥ ಆಗುತ್ತಿದೆಯಾ’ ಅಂತ ಕೇಳಿದಾಗ ಐಥಿಯೋಪ್ಯದವನು ‘ಯಾರಾದರೂ ಹೇಳಿಕೊಡದೆ ಹೇಗೆ’ ಅಂದ. ಹೇಳಿಕೊಡುವವರು ಬೇಕು. ಆದರೆ ಹೇಳಿಕೊಟ್ಟವರು ತಪ್ಪಿದರೆ ‘ಇಲ್ಲಿ ಹೀಗಿದೆ’ ಅಂತ ತೋರಿಸೋಕೆ ಪುಸ್ತಕ ತೆರೆದಿರಬೇಕು. ನನಗೆ ‘ಬೈಬಲ್ ಒಂದೇ’ ಅಂದರೆ ಇಷ್ಟು. ‘ನನಗೆ ಯಾರೂ ಹೇಳಿಕೊಟ್ಟಿಲ್ಲ, ನಾನು ಬರೀ ಬೈಬಲ್ ಓದಿದೆ’ ಅನ್ನುವವರನ್ನು ಕಂಡರೆ ಸ್ವಲ್ಪ ಹುಷಾರಾಗಿರುತ್ತೇನೆ. ಅವರಿಗೂ ಯಾರೋ ಹೇಳಿಕೊಟ್ಟಿರುತ್ತಾರೆ, ಅವರ ಹೆಸರು ಹೇಳಲ್ಲ ಅಷ್ಟೇ.

ಬೆರೋಯದವನು

ಕೊನೆಯ ವಾಕ್ಯ ನನಗೆ ನಾಟಿತು. ನಮ್ಮ ಕಡೆ ಇನ್ನೊಂದು ಕಾಯಿಲೆ ಇದೆ. ‘ಕರ್ತನು ನನಗೆ ತೋರಿಸಿದನು’ ಅಂತ ಪಾಸ್ಟರ್ ಹೇಳಿದರೆ ಯಾರೂ ಪುಸ್ತಕ ತೆರೆಯಲ್ಲ. ಬಾಯಲ್ಲಿ ಬೈಬಲ್ ಒಂದೇ, ನಡೆಯುವುದು ಅವರ ದರ್ಶನದ ಮೇಲೆ. ಪೋಪರು ಬೇಡ ಅಂತ ಬಂದು ಬೀದಿಗೊಬ್ಬ ಪೋಪ್ ಆದರಾ ಅಂತ ಒಮ್ಮೊಮ್ಮೆ ಅನ್ನಿಸುತ್ತೆ.

ಸೆರಗು

ಇಷ್ಟು ಜನ ಬರೆದಿದ್ದೀರಿ, ತಾಳಿ ಬಿಚ್ಚಿಟ್ಟವಳು ಯಾರೂ ಬರೆದಿಲ್ಲ. ನಾನು ಬಿಚ್ಚಿಟ್ಟಿದ್ದೆ.

ಹನ್ನೆರಡು ವರ್ಷದ ಹಿಂದೆ. ನಾನು ಹೋಗುತ್ತಿದ್ದ ಸಭೆಯಲ್ಲಿ 1 ಪೇತ್ರ 3:3 ತೋರಿಸಿ, ಚಿನ್ನ ತೆಗೆಯದಿದ್ದರೆ ದೀಕ್ಷಾಸ್ನಾನ ಇಲ್ಲ ಅಂದರು. ತಾಳಿ, ಕಿವಿಯ ಓಲೆ ಎಲ್ಲ ತೆಗೆದೆ. ಊರಿಗೆ ಹೋದಾಗ ಬಸ್ಸಿನಲ್ಲಿ ಒಬ್ಬ ಅಜ್ಜಿ ನನ್ನ ಕುತ್ತಿಗೆ ನೋಡಿ, ಪಕ್ಕ ಸರಿದು, ‘ಇಷ್ಟು ಸಣ್ಣ ವಯಸ್ಸಿಗೆ ಹೋದರಾ ತಂಗಿ’ ಅಂತ ಕೇಳಿದರು. ನನ್ನ ಗಂಡ ಹಿಂದಿನ ಸೀಟಿನಲ್ಲಿ ಕೂತಿದ್ದರು! ಅತ್ತೆ ಮೂರು ದಿನ ಊಟ ಬಿಟ್ಟರು. ನಮ್ಮ ಸೀಮೆಯಲ್ಲಿ ಬರಿ ಕುತ್ತಿಗೆಗೂ ಒಂದು ಅರ್ಥ ಇದೆ. ಅದು ಗಂಡಸರ ಚರ್ಚೆಯಲ್ಲಿ ಬರಲ್ಲ.

ಎಷ್ಟೋ ವರ್ಷ ಆದ ಮೇಲೆ ನಾನೇ ಆ ವಚನ ನಿಧಾನವಾಗಿ ಓದಿದೆ. ಪೇತ್ರ ಅಲ್ಲಿ ಮೂರು ಹೇಳುತ್ತಾನೆ. ಜಡೆ ಹೆಣೆಯುವುದು, ಚಿನ್ನ ಇಡುವುದು, ವಸ್ತ್ರ ಹಾಕಿಕೊಳ್ಳುವುದು. ನಿಮ್ಮ ಅಲಂಕಾರ ಇದರಲ್ಲಿ ಇರದೆ ಒಳಗಿನ ಗುಣದಲ್ಲಿ ಇರಲಿ ಅಂತ. ಚಿನ್ನ ನಿಷೇಧ ಅಂದರೆ ವಸ್ತ್ರವೂ ನಿಷೇಧ ಆಗಬೇಕಲ್ಲ? ಜಡೆಯಂತೂ ಆ ಸಭೆಯ ಎಲ್ಲ ಹೆಂಗಸರೂ ಹೆಣೆಯುತ್ತಿದ್ದರು. ಹೇಳಿದವರ ಕೈಯಲ್ಲಿ ಥಳಥಳ ಅನ್ನುವ ವಾಚು ಇತ್ತು.

ನಾನು ಬೈಬಲ್ ಬಿಡಲಿಲ್ಲ. ಬೈಬಲ್ ಒಂದೇ ಅಂತ ಈಗ ಇನ್ನೂ ಜೋರಾಗಿ ಹೇಳುತ್ತೇನೆ. ನನ್ನನ್ನು ಆ ನಿಯಮದಿಂದ ಬಿಡಿಸಿದ್ದು ಆ ಪುಟವೇ. ತಾಳಿ ಮತ್ತೆ ಹಾಕಿಕೊಂಡೆ. ಅತ್ತೆ ಕಾಲವಾಗುವ ಎರಡು ವರ್ಷ ಮುಂಚೆ.

ಮೈಸೂರು ಜಪಸರ

ಸೆರಗು ಅಕ್ಕಾ, ನಿಮಗೆ ನಮಸ್ಕಾರ. ನಾನು ಇನ್ನು ವಾದ ಮಾಡಲ್ಲ.

ವೇದಿಕೆ ನಿರ್ವಾಹಕ

ಮಾತೆ ಮರಿಯಳ ಬಗ್ಗೆ ಬಂದ ಆರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಅದು ಬೇರೆ ವಿಷಯ, ಬೇರೆ ಚರ್ಚೆ ಶುರು ಮಾಡಿ.

ಬೆಟಗೇರಿ ಅಕ್ಕ

ಎರಡು ವಾರ ಆಯಿತು. ಏನಾಯಿತು ಅಂತ ಕೆಲವರು ಕೇಳಿದ್ದೀರಿ.

ಬೆಂಗಳೂರಿಗೆ ಹೋಗಿದ್ದೆ. ಲೂಥರ್ ಗೀಥರ್ ಏನೂ ಹೇಳಲಿಲ್ಲ. ಊಟ ಆದ ಮೇಲೆ ‘ನನಗೆ ಕನ್ನಡಕ ತರೋದು ಮರೆತುಹೋಯಿತು, 1 ಪೇತ್ರ 3 ಓದಿ ಹೇಳೋ’ ಅಂದೆ. (ಕನ್ನಡಕ ಚೀಲದಲ್ಲೇ ಇತ್ತು. ದೇವರು ಕ್ಷಮಿಸಲಿ.) ಅವನು ಗಟ್ಟಿಯಾಗಿ ಓದಿದ. ಜಡೆ, ಚಿನ್ನ, ವಸ್ತ್ರ. ವಸ್ತ್ರದ ಹತ್ತಿರ ನಿಂತ. ಮತ್ತೊಮ್ಮೆ ಓದಿದ. ‘ಇದನ್ನ ನಮ್ಮ ಪಾಸ್ಟರ್ ಹತ್ರ ಕೇಳಿ ಹೇಳ್ತೀನಿ ಅಕ್ಕಾ’ ಅಂದ.

‘ಬೈಬಲ್ ಒಂದೇ ಅಂದಿದ್ದೆ, ಪಾಸ್ಟರ್ ಯಾಕೋ?’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನಿಗೇ ನಗು ಬಂತು. ನಾದಿನಿ ಅಡುಗೆಮನೆಯಿಂದ ನಕ್ಕದ್ದೂ ಕೇಳಿಸಿತು.

ಮನಸ್ಸು ಪೂರ್ತಿ ಬದಲಾಗಿಲ್ಲ. ಮದುವೆಗೆ ಬರುತ್ತಾನಂತೆ. ತಾಳಿ ಕಟ್ಟುವ ಹೊತ್ತಿಗೆ ಹೊರಗೆ ನಿಲ್ಲುತ್ತಾನಂತೆ, ಊಟಕ್ಕೆ ಒಳಗೆ. ಇರಲಿ, ಅವನ ಮನಸ್ಸಾಕ್ಷಿ ಅವನದು. ಆರಾಧನೆಯಲ್ಲಿ ವೇದಪಾಠ ನೀನೇ ಓದು, ಯಾವ ಭಾಗ ಅಂತಲೂ ನೀನೇ ಆರಿಸು ಅಂದೆ. ನಿನ್ನೆ ಮೆಸೇಜ್ ಬಂತು: ಕೊಲೊಸ್ಸೆ 3, ಹನ್ನೆರಡರಿಂದ. ಆದರೆ ಹಳೆ ತರ್ಜುಮೆಯಲ್ಲೇ ಓದುತ್ತೇನೆ ಅಂತ ಷರತ್ತು ಹಾಕಿದ್ದಾನೆ.

ಬಳ್ಳಾರಿ ಬಿಸಿಲು

ಹಳೆಯದು ಅಂದರೆ 1831ರದ್ದಾ ಅಂತ ಕೇಳಿ. ಅದನ್ನ ಬೇಕಾದರೆ ನಾನು ಹುಡುಕಿ ಕೊಡ್ತೀನಿ, ಓದೋಕೆ ಬಂದರೆ ನೋಡೋಣ.